ಹೆಜ್ಜೆಗೆ ಕೂಡುವ ಹಾಡು: ವ್ಯಾಯಾಮದ ಪ್ಲೇಲಿಸ್ಟ್ ಕಟ್ಟುವ ನನ್ನ ಕ್ರಮ

ವ್ಯಾಯಾಮಕ್ಕೆ ಹಾಡು ಆರಿಸುವಾಗ ಹೆಚ್ಚಿನವರು ಇಷ್ಟದ ಹಾಡುಗಳನ್ನು ಸಾಲಾಗಿ ಜೋಡಿಸುತ್ತಾರೆ. ನಾನು ಮೊದಲು ಕಾಲಿನ ಲೆಕ್ಕ ತೆಗೆಯುತ್ತೇನೆ. ಇಷ್ಟದ ಹಾಡು ಉತ್ಸಾಹ ಕೊಡುತ್ತದೆ, ನಿಜ. ಆದರೆ ತಾಳ ಹೆಜ್ಜೆಗೆ ಕೂಡಿದಾಗ ದೇಹದ ಕೆಲಸವೂ ಹಗುರಾಗುತ್ತದೆ. ಚಲನೆ ಒಂದೇ ಲಯದಲ್ಲಿ ಸಾಗುವುದರಿಂದ ವೇಗವನ್ನು ಪದೇ ಪದೇ ಏರಿಸಿ ಇಳಿಸುವ ಖರ್ಚು ಉಳಿಯುತ್ತದೆ, ಅದೇ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕಾಗುತ್ತದೆ.

ಓಟ ಶುರುವಾಗಿ ಹತ್ತು ನಿಮಿಷ ಕಳೆದು ಉಸಿರು ಹದಕ್ಕೆ ಬಂದ ಮೇಲೆ, ಹಾಡಿಲ್ಲದೆ, ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. 41 ಬಂದರೆ ನಿಮಿಷಕ್ಕೆ 164 ಹೆಜ್ಜೆ. ಮೂರು ಬೇರೆ ಬೇರೆ ದಿನ ಎಣಿಸಿ ನಡುವಿನ ಸಂಖ್ಯೆಯನ್ನು ಹಿಡಿಯಬೇಕು. ಒಂದೇ ದಿನದ ಲೆಕ್ಕ ನಂಬಿದರೆ ಇಳಿಜಾರೋ ಎದುರುಗಾಳಿಯೋ ಮೋಸ ಮಾಡುತ್ತದೆ.

ಈಗ 164 ಬಿಪಿಎಂ ಹಾಡು, ಅಂದರೆ ನಿಮಿಷಕ್ಕೆ 164 ಬೀಟ್ (ತಾಳದ ಪೆಟ್ಟು) ಬೀಳುವ ಹಾಡು ಬೇಕು, ಇಲ್ಲವೇ ಅದರ ಅರ್ಧ, 82. ಅರ್ಧದ ಹಾಡಿನಲ್ಲಿ ಪ್ರತಿ ಬೀಟ್‌ಗೂ ಬಲಗಾಲು ಮಾತ್ರ ಬೀಳುತ್ತದೆ, ದೂರದ ಓಟಕ್ಕೆ ನನಗೆ ಇದೇ ಹಿತ. ಬಿಪಿಎಂ ತೋರಿಸುವ ಆ್ಯಪ್‌ಗಳು 82ನ್ನು 164 ಎಂದೋ, 164ನ್ನು 82 ಎಂದೋ ಹೇಳುವುದು ತೀರ ಸಾಮಾನ್ಯ. ಹಾಗಾಗಿ ಬೆರಳಿನಿಂದ ತಟ್ಟುತ್ತಾ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಖಚಿತ ಮಾಡಿಕೊಳ್ಳಿ. ಹಾಡು 156ರಲ್ಲಿದ್ದರೆ ಪ್ಲೇಯರ್‌ನಲ್ಲಿ ವೇಗವನ್ನು 1.05ಕ್ಕೆ ಇಟ್ಟರೆ ಹೆಚ್ಚುಕಡಿಮೆ 164 ಆಗುತ್ತದೆ. ಶ್ರುತಿ ಬದಲಾಗದಂತೆ ವೇಗ ಏರಿಸುವ ಪ್ಲೇಯರ್ ಆದರೆ ಹಾಡು ಕೆಟ್ಟಂತೆ ಕೇಳುವುದಿಲ್ಲ. ಹತ್ತು ಶೇಕಡಾ ದಾಟಿದರೆ ಮಾತ್ರ ಗಾಯಕರ ದನಿ ಓಡಿಹೋದಂತೆ ಕೇಳಿಸುತ್ತದೆ.

ಒಂದು-ಎರಡು-ಮೂರು ಎಂದು ಎಣಿಸುವ ಮೂರರ ನಡೆಯ ಹಾಡುಗಳನ್ನು ಓಟಕ್ಕೆ ಹಾಕಿಕೊಳ್ಳಬೇಡಿ. ಅವುಗಳಲ್ಲಿ ಮೊದಲ ಜೋರು ಪೆಟ್ಟು ಒಮ್ಮೆ ಬಲಗಾಲಿಗೆ, ಮರುಸಲ ಎಡಗಾಲಿಗೆ ಬೀಳುತ್ತದೆ, ಕಾಲು ತಡವರಿಸುತ್ತದೆ. ಕೊನೆಗೆ ದೇಹ ತಣಿಸುವ ಕೂಲ್ ಡೌನ್‌ಗೆ ಅವು ಚೆನ್ನ.

ನಡಿಗೆಗೆ 110ರಿಂದ 125 ಬಿಪಿಎಂ ಸಾಕು. ಸೈಕಲ್‌ಗೆ ಪೆಡಲ್ ನಿಮಿಷಕ್ಕೆ 80 ಸುತ್ತು ತಿರುಗುತ್ತಿದ್ದರೆ 80 ಅಥವಾ 160. ಟ್ರೆಡ್‌ಮಿಲ್‌ನಲ್ಲಿ ಹೊಂದಿಸುವುದು ಎಲ್ಲಕ್ಕಿಂತ ಸುಲಭ, ಬೆಲ್ಟಿನ ವೇಗ ಬದಲಾಗುವುದಿಲ್ಲವಲ್ಲ.

45 ನಿಮಿಷದ ಓಟಕ್ಕೆ ನನ್ನ ಜೋಡಣೆ ಹೀಗಿದೆ: ಮೊದಲ 8 ನಿಮಿಷ ಬಿರುಸು ನಡಿಗೆಗೆ 115ರ ಎರಡು ಹಾಡು, ಆಮೇಲೆ 28 ನಿಮಿಷ 160ರಿಂದ 164ರ ಏಳು ಹಾಡು, ಕೊನೆಗೆ 9 ನಿಮಿಷ 90ರಿಂದ 70ಕ್ಕೆ ಇಳಿಯುವ ಎರಡು ಮೂರು ಹಾಡು. ಅತಿ ಚುರುಕಿನ ಹಾಡನ್ನು ಆರಂಭಕ್ಕೆ ಇಡುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು. ದೇಹ ಬಿಸಿಯಾಗುವ ಮೊದಲೇ ಕಾಲು ಹಾಡಿನ ಹಿಂದೆ ಓಡಿ, ಹದಿನೈದನೇ ನಿಮಿಷಕ್ಕೆ ಏದುಸಿರು ಶುರುವಾಗುತ್ತದೆ. ಅದನ್ನು ಮುಖ್ಯ ಓಟದ ಕೊನೆಯ ಮೂರನೇ ಒಂದು ಪಾಲಿಗೆ ಇಡಿ. ಬೇಸರ ಹತ್ತುವುದು ಅಲ್ಲೇ.

ಹೆಜ್ಜೆಯ ವೇಗ ಹೆಚ್ಚಿಸಿಕೊಳ್ಳಲೂ ಹಾಡನ್ನು ಬಳಸಬಹುದು. ಹೆಜ್ಜೆ ಚಿಕ್ಕದಾಗಿ ವೇಗವಾದರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ, ಆದರೆ ಮೀನಖಂಡಕ್ಕೆ ಕೆಲಸ ಕೂಡುತ್ತದೆ. ಒಂದೇ ಸಲಕ್ಕೆ 164ರಿಂದ 180ಕ್ಕೆ ಹಾರಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮೂರು ವಾರಕ್ಕೆ ಐದು ಶೇಕಡಾಕ್ಕಿಂತ ಹೆಚ್ಚು ನಾನು ಏರಿಸುವುದಿಲ್ಲ, ಅದೂ ಮೊದಲು ಎರಡು ಹಾಡಿನಷ್ಟು ಹೊತ್ತು ಮಾತ್ರ.

ಹಾಡು ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಸಾಧಾರಣ ಶ್ರಮದಲ್ಲಿ ಹಾಡು ಗಮನವನ್ನು ಆಯಾಸದಿಂದ ಆಚೆ ಸೆಳೆಯುತ್ತದೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗೆಯೋರ್ಗಿಸ್ ಅವರು ಹಲವು ವರ್ಷ ನಡೆಸಿದ ಅಧ್ಯಯನಗಳು ಹೇಳುವಂತೆ, ಈ ಹಂತದಲ್ಲಿ ಅನುಭವಕ್ಕೆ ಬರುವ ಶ್ರಮ ಸುಮಾರು ಹತ್ತು ಶೇಕಡಾ ಕಡಿಮೆಯಾಗುತ್ತದೆ. ಮಾತೇ ಹೊರಡದಷ್ಟು ಜೋರಾಗಿ ಓಡುವಾಗ ಹಾಗಲ್ಲ. ಸ್ನಾಯು, ಶ್ವಾಸಕೋಶಗಳ ಕೂಗು ಹಾಡನ್ನು ಮುಳುಗಿಸಿಬಿಡುತ್ತದೆ. ಮನಸ್ಸಿಗೆ ಒಂದಿಷ್ಟು ಖುಷಿ ಉಳಿಯಬಹುದು, ದಣಿವು ಮಾತ್ರ ತಗ್ಗುವುದಿಲ್ಲ. ಅದಕ್ಕೆ 400 ಮೀಟರ್ ಸುತ್ತುಗಳ ದಿನ ನಾನು ಹಾಡನ್ನು ನಡುವಿನ ವಿಶ್ರಾಂತಿಗಷ್ಟೇ ಇಡುತ್ತೇನೆ.

ಇದೇ ಗುಣ ತಿರುಗಿಯೂ ಬೀಳಬಹುದು. ಆಯಾಸವನ್ನು ಮರೆಸುವ ಹಾಡು ನೋವನ್ನೂ ಮರೆಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದು ಕಿವಿಯ ಇಯರ್‌ಬಡ್ ತೆಗೆದು ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ನಡುವೆ ಉಸಿರು ಕಡಿದರೆ ವೇಗ ಇಳಿಸಿ. ಅದೇ ಹೊತ್ತಿಗೆ ಪಾದದ ಸದ್ದನ್ನೂ ಕೇಳಿಸಿಕೊಳ್ಳಿ. ಒಂದು ಕಾಲು ಇನ್ನೊಂದಕ್ಕಿಂತ ಜೋರಾಗಿ ಬಡಿಯುತ್ತಿದ್ದರೆ ನಡೆ ಓರೆಯಾಗಿದೆ ಎಂದರ್ಥ.

ತೂಕ ಎತ್ತುವಾಗ ನಿಧಾನದ ಹಾಡಿಗೆ ನಾನು ಬೆಲೆ ಕೊಡುತ್ತೇನೆ. 60 ಬಿಪಿಎಂ ಹಾಡಿನಲ್ಲಿ ಒಂದು ಬೀಟ್ ಎಂದರೆ ಸರಿಯಾಗಿ ಒಂದು ಸೆಕೆಂಡು. ಸ್ಕ್ವಾಟ್‌ನಲ್ಲಿ ಮೂರು ಬೀಟ್‌ಗೆ ಇಳಿದು, ಒಂದು ಬೀಟ್ ತಡೆದು, ಎರಡು ಬೀಟ್‌ಗೆ ಏಳುತ್ತೇನೆ. ದಣಿದಾಗ ಬೇಗ ಬೇಗ ಮುಗಿಸುವ ಚಟ ಇದರಿಂದ ನಿಲ್ಲುತ್ತದೆ. ಗರಿಷ್ಠ ತೂಕದ ಸೆಟ್‌ಗೆ ಮಾತ್ರ ಯಾವ ಹಾಡೂ ಬೇಡ, ಉಸಿರು ಹಿಡಿಯುವ ಬಿಡುವ ಹೊತ್ತು ಕೇಳಿಸಬೇಕು.

ಸಣ್ಣಪುಟ್ಟ ಸಂಗತಿಗಳೇ ಲಯ ಕೆಡಿಸುವುದು. ಹಾಡುಗಳ ಕ್ರಮ ಕಲಸುವ ಶಫಲ್ ಅನ್ನು ಆಫ್ ಮಾಡಿ. ಒಂದು ಹಾಡು ಕರಗಿ ಇನ್ನೊಂದು ಮೂಡುವ ಕ್ರಾಸ್‌ಫೇಡ್ ಸೊನ್ನೆಗೆ ಇರಲಿ, ಎರಡು ತಾಳ ಒಟ್ಟಿಗೆ ಕೇಳಿಸಿದಾಗ ಹೆಜ್ಜೆ ತಪ್ಪುತ್ತದೆ. ಆರಂಭದಲ್ಲಿ ಅರ್ಧ ನಿಮಿಷ ಆಲಾಪವೇ ಇರುವ ಹಾಡನ್ನು ನಡುವೆ ಸೇರಿಸಬೇಡಿ. ಹಾಡುಗಳನ್ನು ಇಳಿಸಿಕೊಂಡು ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟರೆ ಜಾಹೀರಾತು, ಕರೆ ಯಾವುದೂ ಅಡ್ಡ ಬರುವುದಿಲ್ಲ. ಇಯರ್‌ಬಡ್ ಬೆವರಿದ್ದರೆ ಒಣಬಟ್ಟೆಯಲ್ಲಿ ಒರೆಸದೆ ಚಾರ್ಜಿಂಗ್ ಡಬ್ಬಿಗೆ ಹಾಕಬೇಡಿ, ಚಾರ್ಜ್ ಆಗುವ ತುದಿಗಳಿಗೆ ಕಿಲುಬು ಹಿಡಿಯುತ್ತದೆ.

ವಾಲ್ಯೂಮನ್ನು ಮನೆಯೊಳಗೆ, ಸದ್ದಿಲ್ಲದ ಕಡೆ ಹೊಂದಿಸಿ ಹೊರಡಿ. ಗಾಳಿಯ ಸದ್ದಿಗೆ ಏರಿಸುತ್ತಾ ಹೋದರೆ ಎಲ್ಲಿಗೆ ಮುಟ್ಟಿತೆಂದೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆಯಷ್ಟೇ. ವಾಹನ ಓಡಾಡುವ ದಾರಿಯಲ್ಲಿ ಒಂದೇ ಕಿವಿಗೆ ಹಾಕಿ, ವಾಹನಗಳ ಕಡೆಯ ಕಿವಿ ತೆರೆದಿರಲಿ.