ಸಪೂರ ಟೈರು, ಒಂದು ಜೊತೆ ಚೈನು

ಅಗಲ ಟೈರ್ ಹಾಕಿಸಿದ್ದು ಶೋಕಿಗೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೆ ಜೀಪು ತಗೊಂಡಾಗ ಅದರಲ್ಲಿ 6.00-16ರ, ಅಂದರೆ ಆರೇ ಇಂಚು ಅಗಲದ ಸಪೂರ ಟೈರ್ ಇತ್ತು, ದಪ್ಪ ದಪ್ಪ ಬಟನ್‌ನದ್ದು. ನೋಡೋಕೆ ಬಡಕಲು. ಅದನ್ನು ಬಿಚ್ಚಿಸಿ 235/75 ಆರ್15 ಹಾಕಿಸಿದೆ (ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ), ಅಲಾಯ್ ರಿಮ್ ಸಮೇತ. ಮೂಡಿಗೆರೆ ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡಿದರು, ಖುಷಿಯೂ ಆಯ್ತು.

ನಮ್ಮ ತೋಟ ಕೊಟ್ಟಿಗೆಹಾರದ ಕಡೆ. ಗೇಟಿನಿಂದ ಮನೆವರೆಗೆ 3 ಕಿಲೋಮೀಟರ್ ಮಣ್ಣಿನ ದಾರಿ, ಮಧ್ಯದಲ್ಲಿ ಒಂದು ಕೆಟ್ಟ ತಿರುವು. ಆರಿದ್ರಾ ಮಳೆ ಹಿಡಿದು ನಾಲ್ಕನೇ ದಿನ, ಇಳಿಯುವಾಗ ಆ ತಿರುವಿನಲ್ಲಿ ಜೀಪು ನನ್ನ ಮಾತು ಕೇಳೋದು ಬಿಟ್ಟಿತು. ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದ್ದೇನೆ, ಗಾಡಿ ಮಾತ್ರ ನೇರ ಹೋಗ್ತಾ ಇದೆ, ನಿಧಾನಕ್ಕೆ, ಆರಾಮಾಗಿ. ಬ್ರೇಕ್ ಒತ್ತಿದೆ. ತಪ್ಪು. ಗಾಲಿ ನಿಂತಿತು, ಜೀಪು ನಿಲ್ಲಲಿಲ್ಲ. ಆರು ಅರೇಬಿಕಾ ಗಿಡ ಮುರಿದು, ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತೆವು.

ಅಷ್ಟರಲ್ಲಿ ಪಕ್ಕದ ತೋಟದ ಪಿಕಪ್ ಹಿಂದಿನ ಗಾಲಿಗೆ, ಜಾರದ ಹಾಗೆ ಟೈರ್ ಸುತ್ತ ಕಟ್ಟುವ ಕಬ್ಬಿಣದ ಚೈನ್ ಹಾಕಿಕೊಂಡು ಟಣಟಣ ಸದ್ದು ಮಾಡುತ್ತಾ ಮೇಲೆ ಬಂತು. ಡ್ರೈವರ್ ಇಳಿದು ನನ್ನ ಟೈರಿನ ಮೇಲೆ ಕೈ ಸವರಿದ. ಹಲ್ಲಿನ ಸಂದಿ ಪೂರ್ತಿ ಕೆಸರು ಮೆತ್ತಿ ನುಣ್ಣಗೆ ಹೊಳೆಯುತ್ತಿತ್ತು, ಒಲೆ ಮುಂದೆ ಸಗಣಿ ಸಾರಿಸಿದ ಹಾಗೆ. "ಇದು ಟೈರಲ್ಲ ಮಾರಾಯ್ರೆ, ಜಾರುಬಂಡೆ" ಅಂದ.

ಆಮೇಲೆ ಅರ್ಥವಾಗಿದ್ದು ಇಷ್ಟು. ನಮ್ಮ ದಾರಿಯಲ್ಲಿ ಕೆಸರು ಮೇಲೆ ನಾಲ್ಕೈದು ಇಂಚು ಮಾತ್ರ, ಕೆಳಗೆ ಗಟ್ಟಿ ನೆಲ. ಸಪೂರ ಟೈರ್ ಆ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತೆ. ಅಗಲದ್ದು ಮೇಲೇ ತೇಲುತ್ತೆ. ಗದ್ದೆಯಂಥ ಆಳದ ಹೂಳಾಗಿದ್ದರೆ ಲೆಕ್ಕ ಉಲ್ಟಾ, ಅಲ್ಲಿ ಅಗಲದ್ದೇ ಬೇಕು, ಗಾಳಿಯನ್ನೂ ಇಳಿಸಬೇಕು. ಟೈರ್ ಕೊಳ್ಳುವ ಮೊದಲು ನಿಮ್ಮ ದಾರಿಗೆ ಒಂದು ಕೋಲು ಚುಚ್ಚಿ ನೋಡಿ. ತಮಾಷೆಗೆ ಹೇಳ್ತಿಲ್ಲ.

ಹಾಗಾದರೆ ದೊಡ್ಡ ಹಲ್ಲಿನ ಎಂಟಿ (ಮಡ್ ಟೆರೇನ್, ಕೆಸರಿಗೆಂದೇ ಮಾಡಿದ) ಟೈರ್ ಹಾಕಿಸಬಹುದಿತ್ತಲ್ವಾ? ಕೆಸರಿಗೆ ಅದೇ ರಾಜ. ಆದರೆ ನಾನು ಓಡಾಡೋದು 3 ಕಿಲೋಮೀಟರ್ ಕೆಸರು, ಉಳಿದಿದ್ದೆಲ್ಲ ಮಳೆಯಲ್ಲಿ ನೆನೆದ ಟಾರು. ತಿಂಗಳಿಗೆರಡು ಸಲ ಚಾರ್ಮಾಡಿ ಘಾಟಿ ಬೇರೆ, ಮಂಜಿನಲ್ಲಿ ಮುಂದಿನ ಬಸ್ಸೇ ಕಾಣದ ಜಾಗ. ಎಂಟಿಗೆ ಒದ್ದೆ ಟಾರಿನ ಮೇಲೆ ಹಿಡಿತ ಕಡಿಮೆ, ಸದ್ದೂ ಜಾಸ್ತಿ. ಅದಕ್ಕೇ ಸ್ವಲ್ಪ ಸಪೂರದ 215/75 ಆರ್15ರ ಎಟಿ (ಆಲ್ ಟೆರೇನ್, ಟಾರು ಮಣ್ಣು ಎರಡಕ್ಕೂ ಆಗುವ) ಟೈರ್ ಹಾಕಿಸಿ, ಜೊತೆಗೆ ಒಂದು ಜೊತೆ ಚೈನ್ ತಗೊಂಡೆ. ಕೊಳ್ಳುವಾಗ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ನೋಡಲೇಬೇಕು. 3219 ಅಂದರೆ 2019ರ 32ನೇ ವಾರದ್ದು. ಹಲ್ಲು ಎಷ್ಟೇ ಎತ್ತರ ಇರಲಿ, ವರ್ಷಗಟ್ಟಲೆ ಕೂತ ರಬ್ಬರ್ ಗಡುಸಾಗಿರುತ್ತೆ, ಒದ್ದೆಯಲ್ಲಿ ಹಿಡಿಯಲ್ಲ.

ಚೈನ್ ಹಾಕೋದು ಗೇಟಿನ ಹತ್ತಿರವೇ. ಹೂತ ಮೇಲೆ ಹಾಕುತ್ತೇನೆ ಅಂದರೆ ಕೆಸರಲ್ಲಿ ಮಲಗಬೇಕು, ರಕ್ತ ಹೀರುವ ಇಂಬಳಗಳಿಗೆ ಹಬ್ಬ. ಹಾಸಿ, ಮೇಲೆ ಗಾಡಿ ಹತ್ತಿಸಿ, ಕೊಕ್ಕೆ ಬಿಗಿದು, ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿ ಎಳೆದು ಕಟ್ಟುತ್ತೇನೆ. ನೂರು ಹೆಜ್ಜೆ ಓಡಿಸಿ ಮತ್ತೆ ಇಳಿದು ಬಿಗಿ ಮಾಡಲೇಬೇಕು, ಸಡಿಲ ಆಗಿಯೇ ಇರುತ್ತೆ. ಟಾರ್ ಸಿಕ್ಕ ತಕ್ಷಣ ಬಿಚ್ಚಬೇಕು. ಸೋಮಾರಿತನ ಮಾಡಿ ಒಮ್ಮೆ ಹಾಗೇ ಹೋದೆ, ತುಂಡಾದ ಕೊಂಡಿ ಮಡ್‌ಗಾರ್ಡ್‌ಗೆ ಬಡಿದು ಬಡಿದು ತೂತು ಮಾಡಿತು. ಬ್ರೇಕ್ ಪೈಪಿಗೆ ಬಡಿದಿದ್ದರೆ?

ಟೈರಿನ ಗಾಳಿ 26 ಪಿಎಸ್‌ಐ ಇರೋದನ್ನು ಕೆಸರಿಗೆ 20ಕ್ಕೆ ಇಳಿಸುತ್ತೇನೆ. ಇದು ಟ್ಯೂಬ್‌ಲೆಸ್‌ಗೆ. ಹಳೆ ಟ್ಯೂಬ್ ಟೈರಿನಲ್ಲಿ ತೀರಾ ಇಳಿಸಿದರೆ ರಿಮ್ ಒಂದು ಕಡೆ, ಟೈರ್ ಒಂದು ಕಡೆ ತಿರುಗಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತೆ. ಟಾರಿಗೆ ಬಂದು ಮತ್ತೆ ತುಂಬಿಸೋಕೆ ಕಾಲಲ್ಲಿ ತುಳಿಯುವ ಪಂಪ್ ಇಟ್ಟುಕೊಂಡಿದ್ದೇನೆ.

ಓಡಿಸೋದರಲ್ಲಿ ನಾನು ಬದಲಾಯಿಸಿಕೊಂಡಿದ್ದು ಮುಖ್ಯವಾಗಿ ಇಳಿಯುವ ರೀತಿ. ಇಳಿಜಾರು ಶುರುವಾಗುವ ಮೊದಲೇ ನಿಂತು, ಫೋರ್ ವೀಲ್ ಲೋ (ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ, ಫಸ್ಟ್ ಗೇರಿನಲ್ಲಿ ಬಿಡುತ್ತೇನೆ. ಕ್ಲಚ್ ಮುಟ್ಟುವ ಹಾಗಿಲ್ಲ, ಇಂಜಿನ್ನೇ ಹಿಡಿದುಕೊಳ್ಳುತ್ತೆ. ಜಾರೋಕೆ ಶುರುವಾದರೆ ಬ್ರೇಕ್ ಬೇಡ, ಆಕ್ಸಿಲರೇಟರ್ ಒಂದು ಚೂರು ಒತ್ತಿದರೆ ಗಾಲಿ ಮತ್ತೆ ಉರುಳಿ ಸ್ಟೇರಿಂಗ್ ಕೇಳುತ್ತೆ. ಮೊದಮೊದಲು ಇಳಿಜಾರಲ್ಲಿ ಆಕ್ಸಿಲರೇಟರ್ ಒತ್ತೋಕೆ ಕಾಲೇ ಬರ್ತಿರಲಿಲ್ಲ. ಏರಿನಲ್ಲಿ ಒಂದೇ ಹದದಲ್ಲಿ ಹೋಗಬೇಕು, ಗೇರ್ ಬದಲಿಸೋದು ಬೇಡ. ನಿಂತೇ ಹೋಯ್ತು, ಗಾಲಿ ಸುಮ್ನೆ ತಿರುಗ್ತಾ ಇದೆ ಅಂದರೆ ಕಾಲು ತೆಗೀರಿ. ಇನ್ನೂ ಒತ್ತಿದರೆ ಹೊಂಡ ತೋಡಿ ಗಾಡಿಯಡಿಯ ಆಕ್ಸಲ್ ಹೌಸಿಂಗ್ ನೆಲಕ್ಕೆ ಕೂರುತ್ತೆ, ಆಮೇಲೆ ಹಾರೆ, ಗುದ್ದಲಿ, ಬೈಗುಳ. ಬಂದ ಜಾಡಿನಲ್ಲೇ ರಿವರ್ಸ್ ಇಳಿದು ಇನ್ನೊಮ್ಮೆ ಪ್ರಯತ್ನಿಸೋದು ವಾಸಿ.

ಇಷ್ಟೆಲ್ಲ ಆದರೂ ಪುನರ್ವಸು ಮಳೆ ಜೋರಾದಾಗ ಆ ತಿರುವಿಗೆ ಮೊದಲು ನಡೆದುಕೊಂಡೇ ಹೋಗಿ ನೋಡುತ್ತೇನೆ. ನಿಂತಲ್ಲೇ ಬೂಟು ಜಾರಿದರೆ ಜೀಪು ಗೇಟಿನ ಹತ್ತಿರವೇ ಉಳಿಯುತ್ತೆ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು, ಕೊಡೆ ಹಿಡಿದು 3 ಕಿಲೋಮೀಟರ್ ನಡೆಯುತ್ತೇನೆ.