ತೋಳಿನ ತುದಿಗೆ ಕ್ಯಾಮೆರಾ: ಮೂರು ಆಯಾಮದ ಪನೋರಮಾ ತೆಗೆದ ನನ್ನ ಅನುಭವ

ಪ್ಯಾರಲಾಕ್ಸ್ (ನೋಡುವ ಜಾಗ ಬದಲಾದಂತೆ ಹತ್ತಿರದ ವಸ್ತುಗಳು ಹಿನ್ನೆಲೆಯ ಮುಂದೆ ಸರಿದಂತೆ ಕಾಣುವುದು) ಸುತ್ತಲಿನ ನೋಟವನ್ನು ಹಲವು ಚಿತ್ರಗಳಿಂದ ಹೊಲಿಯುವ ಪನೋರಮಾದ ಹಗೆ, ಅದನ್ನು ನೀವೇ ಕರೆದು ಮಣೆ ಹಾಕುತ್ತಿದ್ದೀರಿ ಎಂದು ಪುಣೆಯ ನಮ್ಮ ಛಾಯಾಗ್ರಾಹಕರ ಬಳಗದ ಹಿರಿಯರೊಬ್ಬರು ನನ್ನನ್ನು ಎರಡು ವರ್ಷ ಹಂಗಿಸಿದರು. ಆದರೆ ಎರಡು ಕಣ್ಣಿಗೆ ಆಳ ತೋರಿಸುವುದೂ ಅದೇ ಪ್ಯಾರಲಾಕ್ಸ್. ಕಳೆದ ಚಳಿಗಾಲದಲ್ಲಿ ಪುಣೆಯ ಪಾತಾಳೇಶ್ವರ ಗುಹಾದೇವಾಲಯದ ಚಿತ್ರವನ್ನು ಕೆಂಪು-ನೀಲಿ ಕನ್ನಡಕದಲ್ಲಿ ನೋಡುತ್ತ ಅವರೇ ನಂದಿಮಂಟಪದ ಕಂಬವನ್ನು ಮುಟ್ಟಲು ಕೈಚಾಚಿದರು. ಆ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು, ತಿರುಗಿಸುವಾಗ ಪ್ಯಾರಲಾಕ್ಸ್ ಬಾರದಂತೆ ಕ್ಯಾಮೆರಾವನ್ನು ಹಿಡಿಯುವ ನೋಡಲ್ ಹೆಡ್‌ನಲ್ಲಿ ಒಂದು ಪೂರ್ತಿ ಸುತ್ತು ತೆಗೆದು, ಟ್ರೈಪಾಡನ್ನು ಕಣ್ಣುಗಳ ಅಂತರದಷ್ಟು, ಎಂದರೆ ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ಸುತ್ತು ತೆಗೆದಿದ್ದೆ. ಎದುರಿಗೆ ಆಳ ಸೊಗಸಾಗಿ ಕಂಡಿತು. ಪಕ್ಕಕ್ಕೆ ಹೊರಳಿದಂತೆ ಒಂದು ಕಣ್ಣು ಇನ್ನೊಂದರ ಹಿಂದೆ ನಿಂತಂತಾಗಿ ಆಳ ಕರಗಿತು. ಬೆನ್ನ ಹಿಂದಂತೂ ಎಡಬಲಗಳು ಅದಲುಬದಲಾಗಿ ಉಬ್ಬಿದ್ದೆಲ್ಲ ತಗ್ಗಾಯಿತು. ಆಮೇಲೆ ಸುಮಾರು ಒಂಬತ್ತು ಸಾವಿರ ರೂಪಾಯಿ ಕೊಟ್ಟು ಎರಡು ಹಳೆಯ ಪುಟ್ಟ ಕ್ಯಾಮೆರಾಗಳನ್ನು ಕೊಂಡು, ಒಂದೇ ಪಟ್ಟಿಗೆ ಬಿಗಿದು ತಿರುಗಿಸಿದೆ. ಚಿತ್ರಗಳನ್ನು ಹೊಲಿಯುವ ಹಗಿನ್ ತಂತ್ರಾಂಶದಲ್ಲಿ ಎರಡನ್ನೂ ಬೇರೆಬೇರೆಯಾಗಿ ಹೊಲಿದಾಗ ಎಡಗಣ್ಣಿನ ಚಿತ್ರದಲ್ಲಿ ಒಂದು ಕಂಬ ತುಂಡಾದರೆ, ಬಲಗಣ್ಣಿನದರಲ್ಲಿ ಮತ್ತೊಂದು ತುಂಡಾಗಿತ್ತು. ಆ ಹಣ ನೀರಿಗೆ ಹೋಯಿತೆಂದೇ ಲೆಕ್ಕ.

ಕೊನೆಗೆ ಕೈಹಿಡಿದದ್ದು ಒಂದೇ ಕ್ಯಾಮೆರಾ. ತಿರುಗುವ ಅಕ್ಷದಿಂದ 20 ಸೆಂಟಿಮೀಟರ್ ಮುಂದಕ್ಕೆ, ಅಲ್ಯೂಮಿನಿಯಂ ತೋಳಿನ ತುದಿಯಲ್ಲಿ ಹೊರಮುಖವಾಗಿ ಅದನ್ನು ನಿಲ್ಲಿಸಿ, 200 ಹೆಜ್ಜೆಗೆ ಒಂದು ಸುತ್ತು ಮುಗಿಸುವ ಸ್ಟೆಪರ್ ಮೋಟಾರಿನಿಂದ 1.8 ಡಿಗ್ರಿಗೊಂದರಂತೆ ಚಿತ್ರ ತೆಗೆಯುತ್ತೇನೆ. ಪ್ರತಿ ಚಿತ್ರದಿಂದಲೂ ಎರಡು ಸಣ್ಣ ಪಟ್ಟಿಗಳನ್ನಷ್ಟೇ ಕತ್ತರಿಸಬೇಕು: ಮಧ್ಯದಿಂದ ಬಲಕ್ಕಿರುವ ಪಟ್ಟಿ ಎಡಗಣ್ಣಿಗೆ, ಎಡಕ್ಕಿರುವುದು ಬಲಗಣ್ಣಿಗೆ. ಒಂದೊಂದು ಕಣ್ಣಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿದರೆ ಆ ಕಣ್ಣಿನ ಪನೋರಮಾ ಆಗುತ್ತದೆ; ತೋಳು ಸುತ್ತುವುದರಿಂದ ಒಂದೇ ದಿಕ್ಕನ್ನು ಎರಡೂ ಪಟ್ಟಿಗಳು ಬೇರೆಬೇರೆ ಜಾಗದಿಂದ ಕಂಡಿರುತ್ತವೆ. ಈ ಎಡಬಲಗಳನ್ನು ತಿರುವುಮುರುವು ಮಾಡಿ ನಾನು ಒಂದು ವಾರ ಟೊಳ್ಳು ನಂದಿಯನ್ನು ನೋಡುತ್ತ ಕುಳಿತಿದ್ದೆ. ಲಂಬವಾಗಿ ಹಿಡಿದ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸಂವೇದಕದ) ಕ್ಯಾಮೆರಾ ಮತ್ತು 18 ಮಿಲಿಮೀಟರ್ ಲೆನ್ಸಿಗೆ ಮಧ್ಯದಿಂದ 760 ಪಿಕ್ಸೆಲ್ ಆಚೀಚೆ, 150 ಪಿಕ್ಸೆಲ್ ಅಗಲದ ಪಟ್ಟಿಗಳು ಸರಿಹೋದವು; ಕಣ್ಣುಗಳ ಅಂತರ ಹೆಚ್ಚುಕಡಿಮೆ 65 ಮಿಲಿಮೀಟರ್ ಆಗುತ್ತದೆ. ಬುಧವಾರ ಪೇಟೆಯ ಅಂಗಡಿಗಳಲ್ಲಿ ಕೊಂಡ ಮೋಟಾರು, ಅದಕ್ಕೆ ಆಜ್ಞೆ ಕೊಡುವ ಪುಟ್ಟ ಬೋರ್ಡ್ ಆರ್ಡುಯಿನೊ, ವಿದ್ಯುತ್ ಹಾಯಿಸುವ ಡ್ರೈವರ್, ಬ್ಯಾಟರಿ, ಜೊತೆಗೆ ಲೇತ್ ಕೆಲಸದವನ ಕೂಲಿ, ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ.

ಪಾತಾಳೇಶ್ವರವನ್ನು ಆರಿಸಿಕೊಂಡದ್ದಕ್ಕೆ ನಮ್ಮ ರಾಷ್ಟ್ರಕೂಟರ ಕಾಲದ್ದೆಂಬ ಅಭಿಮಾನವೂ ಒಂದು ಕಾರಣ. ಆದರೆ ಎರಡು ಮೀಟರಿನಿಂದಾಚೆಗೆ ಸುತ್ತಲೂ ಕಲ್ಲೇ ಇರುವ ಅಂಗಳ, ನಡುವೆ ಗುಂಡನೆಯ ಮಂಟಪ, ಇವು ಆಳಕ್ಕೆ ಹೇಳಿ ಮಾಡಿಸಿದಂತಿವೆ. ಟ್ರೈಪಾಡಿಗೆ ಮೊದಲೇ ಅನುಮತಿ ಪಡೆದುಕೊಳ್ಳಿ. ಅಲ್ಲಿ ತಲೆತಿಂದದ್ದು ಜನ. ಒಂದೇ ದಿಕ್ಕಿನ ಎಡಬಲ ಪಟ್ಟಿಗಳ ನಡುವೆ ಮೋಟಾರಿನ ಹತ್ತು ಹೆಜ್ಜೆಗಳ, ಎಂದರೆ ಸುಮಾರು ನಲವತ್ತು ಸೆಕೆಂಡುಗಳ ಅಂತರವಿರುವುದರಿಂದ, ನಡೆದು ಹೋದವರು ಒಂದು ಕಣ್ಣಿಗೆ ಮಾತ್ರ ದೆವ್ವಗಳಂತೆ ಕಾಣುತ್ತಾರೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗುವುದು ಅರ್ಧ ಪರಿಹಾರ. ಉಳಿದರ್ಧವನ್ನೂ ಪಟ್ಟಿಗಳ ಅಂಚನ್ನು ನಾನು ಬೆಸೆಯುವ ಬಗೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪರ್ವತಿ ಬೆಟ್ಟದ ಮೇಲೂ ಪ್ರಯತ್ನಿಸಿದೆ. ಅಷ್ಟು ಮೆಟ್ಟಿಲು ಹತ್ತಿ ತೆಗೆದ ನಗರ ಹಪ್ಪಳದಂತೆ ಚಪ್ಪಟೆಯಾಗಿತ್ತು, ಏಕೆಂದರೆ ಅಷ್ಟು ದೂರಕ್ಕೆ 65 ಮಿಲಿಮೀಟರ್ ಏನೇನೂ ಸಾಲದು. ತೋಳನ್ನು 60 ಸೆಂಟಿಮೀಟರಿಗೆ ಬೆಳೆಸಿ, ಪಟ್ಟಿಗಳನ್ನು ಚಿತ್ರದ ಅಂಚಿನ ಬಳಿಯಿಂದ ತೆಗೆದಾಗ ಕಣ್ಣುಗಳ ಅಂತರ ನಲವತ್ತು ಸೆಂಟಿಮೀಟರಿನಷ್ಟಾಗಿ, ಬೆಟ್ಟದ ಬುಡದ ಮನೆಗಳು ಗೊಂಬೆಮನೆಗಳಂತೆ ಎದ್ದು ನಿಂತವು. ಆದರೆ ಗಾಳಿಗೆ ತೋಳು ತೊನೆದಾಡಿ 200ರಲ್ಲಿ ಮೂವತ್ತು ಚಿತ್ರಗಳು ಕೆಟ್ಟವು. ಕೆಳಗಿನಿಂದ ಕಟ್ಟಲು ತಂತಿಯೊಂದನ್ನು ತಂದಿಟ್ಟಿದ್ದೇನೆ.