ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಗೇರ್‌ನಲ್ಲೇ ಇಳಿಯಿರಿ

ನಿಮ್ಮ ಗಾಡಿಯಲ್ಲಿ ಫ್ಯುಯೆಲ್ ಇಂಜೆಕ್ಷನ್ (ಇಂಜೆಕ್ಟರ್‌ಗಳ ಮೂಲಕ ಎಂಜಿನ್‌ಗೆ ಇಂಧನ ಸಿಂಪಡಿಸುವ ವ್ಯವಸ್ಥೆ) ಇದ್ದರೆ, ಇಳಿಜಾರು ಬಂದಾಗ ಅಥವಾ ದೂರದಲ್ಲಿ ಕೆಂಪು ಸಿಗ್ನಲ್ ಕಂಡಾಗ ನ್ಯೂಟ್ರಲ್‌ಗೆ ಹಾಕಬೇಡಿ, ಕ್ಲಚ್ ಒತ್ತಿ ಹಿಡಿಯಲೂ ಬೇಡಿ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆಯಿರಿ. ಆಕ್ಸಿಲರೇಟರ್ ಬಿಟ್ಟಿದ್ದಾರೆ, ಎಂಜಿನ್ ಮಾತ್ರ ಇನ್ನೂ ಜೋರಾಗಿ ತಿರುಗುತ್ತಿದೆ ಅಂತ ಸೆನ್ಸರ್‌ಗಳಿಂದ ಗೊತ್ತಾದ ಕೂಡಲೇ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇಂಜೆಕ್ಟರ್‌ಗಳನ್ನು ನಿಲ್ಲಿಸಿಬಿಡುತ್ತದೆ. ಆಗ ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ, ಒಂದು ಹನಿ ಇಂಧನವೂ ಖರ್ಚಾಗುವುದಿಲ್ಲ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಇಂಧನ ಹೋಗುತ್ತಲೇ ಇರಬೇಕು, ಅದು ಸುಮ್ನೆ ದಂಡ ಅಲ್ವಾ? ಆ ಕ್ಷಣದ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ ಗಮನಿಸಿ: ಕಾಲು ತೆಗೆದ ಒಂದೆರಡು ಸೆಕೆಂಡಿಗೆ ಅಂಕಿ 99.9ಕ್ಕೆ ಏರುತ್ತದೆ, ಕೆಲವು ಗಾಡಿಗಳಲ್ಲಿ ಬಳಕೆ 0 ಅಂತ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಹಾಗಾಗಿ ಉಳಿದ ಪ್ರತಿ ಹನಿಗೂ ಬೆಲೆಯಿದೆ. ಗೇರ್‌ನಲ್ಲಿದ್ದರೆ ಎಂಜಿನ್ನೇ ಗಾಡಿಯ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಕೂಡ ಜಾಸ್ತಿ ದಿನ ಬಾಳುತ್ತದೆ, ಉದ್ದದ ಘಾಟಿಯಲ್ಲಿ ಬ್ರೇಕ್ ಬಿಸಿಯಾಗುವುದೂ ಕಡಿಮೆ. ಕಾರ್ಬ್ಯುರೇಟರ್ ಇರುವ ಹಳೆ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಉಳಿತಾಯ ಸಿಗುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದ್ದಾಗ, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಐಡ್ಲಿಂಗ್ ಹತ್ತಿರಕ್ಕೆ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗಿನ ಮಟ್ಟಕ್ಕೆ ಇಳಿದಾಗ ಇಂಜೆಕ್ಷನ್‌ನಲ್ಲೂ ಇಂಧನ ಹೋಗುತ್ತದೆ. ತೀರಾ ಸಣ್ಣ ಇಳಿಜಾರಿನಲ್ಲಿ ವೇಗ ಬೇಗ ಕುಸಿದು ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ, ಅಲ್ಲಿ ಲಾಭ ಅಷ್ಟಕ್ಕಷ್ಟೆ. ಕಡಿದಾದ ಇಳಿಜಾರಾದರೆ ಇಳಿಯುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ.